ಹಾದಿಯ ಅದುರು, ವಾಹನದ ಸುಖ: ಯಳಂದೂರು ಸೀಮೆಯ ಗಾಡಿಯಿಂದ ಇಂದಿನ ಕಾರಿನವರೆಗೆ

ವಾಹನಗಳ ಇತಿಹಾಸವೆಂದು ನಾವು ಸಾಮಾನ್ಯವಾಗಿ ಓದುವುದು ವೇಗದ ಇತಿಹಾಸವನ್ನು, ಇಲ್ಲವೆ ಹೊರುವ ಭಾರದ ಇತಿಹಾಸವನ್ನು. ಕುಳಿತವನಿಗೆ ದೊರೆತ ಸುಖದ ಇತಿಹಾಸವೂ ಒಂದುಂಟು. ಅದನ್ನು ಬರೆದವರು ವಿರಳ. ಬರೆದವರಾದರೂ ಅದನ್ನು ನಿರಂತರವಾದ ಏಳಿಗೆಯ ಕಥೆಯಾಗಿಯೇ ಬರೆದಿದ್ದಾರೆ: ಕುಲುಕಾಟ ಕಡಿಮೆಯಾಯಿತು, ಸದ್ದು ಅಡಗಿತು, ಕೈಗೆ ತಟ್ಟುತ್ತಿದ್ದ ಭಾರ ಹಗುರವಾಯಿತು ಎಂದು. ಇದು ನಿಜವೇ. ಆದರೆ ಆ ಕುಲುಕಾಟ, ಆ ಸದ್ದು, ಆ ಭಾರ ಇವು ಬರಿಯ ಪೀಡೆಗಳಾಗಿರಲಿಲ್ಲ. ನೆಲ ಎಂತಹುದು, ಚಕ್ರ ಯಾವ ಸ್ಥಿತಿಯಲ್ಲಿದೆ, ಇಳಿಜಾರು ಎಷ್ಟು ಕಡಿದು ಎಂಬ ಸುದ್ದಿಯನ್ನು ಹೊಡೆಯುವವನಿಗೆ ಮುಟ್ಟಿಸುತ್ತಿದ್ದವೂ ಅವೇ. ಅಸೌಖ್ಯವನ್ನು ತೊಲಗಿಸಿದಾಗಲೆಲ್ಲ ಅದರ ಜೊತೆಯಲ್ಲಿ ಈ ಸುದ್ದಿಯೂ ತೊಲಗುತ್ತದೆ. ಹಾಗೆ ತೊಲಗಿದುದನ್ನು ಬೇರೊಂದು ದಾರಿಯಿಂದ ಮರಳಿ ತಂದುಕೊಡುವ ಹೊಣೆ ವಾಹನವನ್ನು ರಚಿಸುವವನ ಮೇಲೆ ಬೀಳುತ್ತದೆ. ಈ ಹೊಣೆಯನ್ನು ಯಾರು, ಯಾವಾಗ, ಎಷ್ಟರ ಮಟ್ಟಿಗೆ ಹೊತ್ತರು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಇದಕ್ಕೆ ನಾವು ಯಳಂದೂರು ಮತ್ತು ಅದಕ್ಕೆ ಹೊಂದಿದ ಕೊಳ್ಳೇಗಾಲ, ಹನೂರು ಸೀಮೆಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಸುವರ್ಣಾವತಿಯ ಬಯಲಿನ ಗದ್ದೆಗಳೂ ಕಬ್ಬಿನ ತೋಟಗಳೂ ಇಲ್ಲಿವೆ. ಆ ಬಯಲಿನ ಅಂಚಿನಲ್ಲಿಯೇ ಬಿಳಿಗಿರಿರಂಗನ ಬೆಟ್ಟ ಎದ್ದು ನಿಂತಿದೆ. ಹನೂರಿನ ಕಡೆಯಲ್ಲಿ ಮಲೆಯ ಮಹದೇಶ್ವರನ ಬೆಟ್ಟವಿದೆ. ಎರಡೂ ಯಾತ್ರಾಸ್ಥಳಗಳು. ಸಮನೆಲದ ಗಾಡಿಗೂ ಘಟ್ಟದ ಹಾದಿಗೂ ನಡುವಣ ವ್ಯತ್ಯಾಸವನ್ನು ಇಷ್ಟು ಕಿರಿದಾದ ಪ್ರದೇಶದಲ್ಲಿ ಬೇರೆಡೆ ಕಾಣುವುದು ಸುಲಭವಲ್ಲ. ಬಿಳಿಗಿರಿರಂಗನಿಗೆ ಭಕ್ತರು ದೊಡ್ಡ ಅಳತೆಯ ಚರ್ಮದ ಪಾದುಕೆಗಳನ್ನು ಮಾಡಿ ಅರ್ಪಿಸುವರೆಂಬುದು ಎಲ್ಲರಿಗೂ ತಿಳಿದ ಸಂಗತಿ. ದೇವರು ಕಾಡಿನಲ್ಲಿ ಸಂಚರಿಸುವುದರಿಂದ ಅವು ಸವೆಯುತ್ತವೆ ಎಂದು ನಂಬಿಕೆ. ನೆಲಕ್ಕೂ ಅಂಗಾಲಿಗೂ ನಡುವೆ ಮನುಷ್ಯನು ಇಟ್ಟ ಮೊದಲನೆಯ ಸುಖಸಾಧನ ಕೆರದ ಅಟ್ಟೆಯೇ ಅಲ್ಲವೆ? ಅಟ್ಟೆ ದಪ್ಪವಾದಷ್ಟೂ ಮುಳ್ಳಿನ ನೋವು ಕಡಿಮೆ. ಆದರೆ ಕಾಲ ಕೆಳಗೆ ಇರುವುದು ಕಲ್ಲೋ ಕೆಸರೋ ಎಂಬ ಅರಿವೂ ಅಷ್ಟೇ ಕಡಿಮೆ. ಮುಂದೆ ಹೇಳಲಿರುವುದೆಲ್ಲ ಈ ಅಟ್ಟೆಯ ವಿಸ್ತಾರವೆಂದರೆ ತಪ್ಪಾಗಲಾರದು.

1800ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಭಾಗದಲ್ಲಿ ಸಂಚರಿಸಿ, ಕಾವೇರಿಪುರದ ಘಟ್ಟವನ್ನಿಳಿದು ಕೊಯಮತ್ತೂರು ಸೀಮೆಗೆ ಹೋದನು. ಆ ಕಾಲದಲ್ಲಿ ಘಟ್ಟದ ಸಾಗಾಣಿಕೆ ಹೇರೆತ್ತುಗಳದು. ಗಾಡಿ ಬಯಲಿನ ವಾಹನ. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿ, ಅದಕ್ಕೆ ವೆಲ್ಲೆಸ್ಲಿಯ ಹೆಸರನ್ನಿಟ್ಟ ದಿವಾನ್ ಪೂರ್ಣಯ್ಯನಿಗೆ 1807ರಲ್ಲಿ ಯಳಂದೂರು ಜಹಗೀರಾಗಿ ದೊರೆಯಿತು. ಕೊಳ್ಳೇಗಾಲ ಸೀಮೆಯು ಮಾತ್ರ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದು, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರಿಗೆ ಬಂದಿತು. 1997ರಿಂದ ಇವೆಲ್ಲವೂ ಚಾಮರಾಜನಗರ ಜಿಲ್ಲೆಯ ಭಾಗಗಳು. ಹೀಗೆ ಒಂದೇ ಗಾಡಿಯ ಹಾದಿಯಲ್ಲಿ ಜಹಗೀರು, ಸಂಸ್ಥಾನ, ಆಧಿಪತ್ಯ ಎಂಬ ಮೂರು ಆಡಳಿತಗಳು ಸಂಧಿಸುತ್ತಿದ್ದುವು. ಅದು ಬೇರೊಂದು ಲೇಖನದ ವಸ್ತು. ನಾವು ಗಾಡಿಗೆ ಬರೋಣ.

ಮರದ ಚಕ್ರದ ಎತ್ತಿನ ಗಾಡಿಯನ್ನು ನಮ್ಮ ಅನೇಕ ಸುಧಾರಕರು ಅನಾಗರಿಕ ಯಂತ್ರವೆಂದು ಜರೆದಿದ್ದಾರೆ. ಅದರ ರಚನೆಯನ್ನು ತುಸು ಗಮನವಿಟ್ಟು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಗುಂಬ, ಅರೆಕಾಲು, ಅಂಚಿನ ಮರ, ಅದರ ಮೇಲೆ ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ, ಇಷ್ಟರಿಂದ ಚಕ್ರ. ಪಟ್ಟಿಯು ಬಿಸಿಯಲ್ಲಿ ಹಿಗ್ಗಿರುವಾಗ ತೊಡಿಸಿ ನೀರು ಹೊಯ್ದರೆ ಅದು ಕುಗ್ಗಿ ಮರವನ್ನೆಲ್ಲ ಒಂದಾಗಿ ಬಿಗಿಯುತ್ತದೆ. ಬೇಸಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಆ ಬಿಗಿ ಸಡಿಲುತ್ತದೆ; ಆಗ ಚಕ್ರದಿಂದ ಕಟಕಟನೆ ಒಂದು ಸದ್ದು ಹೊರಡುತ್ತದೆ. ಹೊಡೆಯುವವನು ಆ ಸದ್ದನ್ನು ಕೇಳಿದೊಡನೆ ಗಾಡಿಯನ್ನು ಹಳ್ಳದ ನೀರಿಗಿಳಿಸಿ ಚಕ್ರವನ್ನು ನೆನೆಯಿಡುತ್ತಾನೆ. ಅಚ್ಚಿನಲ್ಲಿ ಕೀಲೆಣ್ಣೆ ಒಣಗಿದರೆ ಬರುವ ಕಿರುಗುಟ್ಟುವ ಸದ್ದು ಬೇರೆ. ಕಡಾಣಿ ಸವೆದು ಗುಂಬ ಹೊರಕ್ಕೂ ಒಳಕ್ಕೂ ಸರಿಯತೊಡಗಿದರೆ ಬರುವ ಸದ್ದು ಇನ್ನೂ ಬೇರೆ. ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಲಾರದವನನ್ನು ಊರಿನವರು ಗಾಡಿ ಹೊಡೆಯುವವನೆಂದು ಒಪ್ಪುತ್ತಿರಲಿಲ್ಲ.

ಕಿವಿಯಷ್ಟೇ ಅಲ್ಲ, ಕುಳಿತ ಜಾಗವೂ ಸುದ್ದಿ ಹೇಳುತ್ತಿತ್ತು. ಹೇರು ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಕೆಳಗಿನಿಂದ ಒತ್ತುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲ ಮೇಲೆ ಕೂರುತ್ತದೆ. ಮೂಕಿಯ ಬುಡದಲ್ಲಿಯೇ ಕುಳಿತ ಗಾಡಿಯವನಿಗೆ ಈ ಏರಿಳಿತ ಒಡನೆಯೇ ತಿಳಿಯುತ್ತಿತ್ತು. ತಾನೇ ಅತ್ತಿತ್ತ ಸರಿದು ತೂಕವನ್ನು ಸರಿಪಡಿಸುತ್ತಿದ್ದನು. ಈ ಗಾಡಿಗೆ ಬ್ರೇಕು ಇರಲಿಲ್ಲ. ಇಳಿಜಾರಿನಲ್ಲಿ ಎತ್ತುಗಳೇ ಹಿಂದಕ್ಕೆ ಒತ್ತಿ ಅದನ್ನು ತಡೆಯಬೇಕು. ಕಡಿದಾದೆಡೆಯಲ್ಲಿ ಗಾಡಿಯವನು ಕೆಳಗಿಳಿದು ಚಕ್ರಕ್ಕೆ ಹಗ್ಗ ಬಿಗಿಯುವುದೋ ಹಿಂದೆ ಮರದ ತುಂಡನ್ನು ಕಟ್ಟಿ ಎಳೆಸುವುದೋ ಮಾಡಬೇಕು. ಆದರೂ ಚಕ್ರದ ಒರಟುತನವೇ ಒಂದು ಬಗೆಯ ಬ್ರೇಕಾಗಿದ್ದಿತೆಂಬುದನ್ನು ಮರೆಯಲಾಗದು. ಈ ಮಾತಿನ ಮಹತ್ವ ಮುಂದೆ ರಬ್ಬರು ಟೈರಿನ ಪ್ರಸ್ತಾಪ ಬಂದಾಗ ಸ್ಪಷ್ಟವಾಗುವುದು.

ವಾಹನದ ಹೊರಗಿರುವವರಿಗೂ ಸುದ್ದಿ ಮುಟ್ಟಬೇಕು. ಎತ್ತಿನ ಕೊರಳ ಗಂಟೆಯನ್ನು ನಾವು ಅಲಂಕಾರವೆಂದೇ ಎಣಿಸುತ್ತೇವೆ. ಕತ್ತಲೆಯಲ್ಲಿ ಎದುರು ಗಾಡಿಯವನಿಗೂ ಪಾದಚಾರಿಗೂ ಅದು ಸೂಚನೆಯಾಗಿದ್ದಿತು. ಈ ವಿಚಾರದಲ್ಲಿ ನಮ್ಮ ಪ್ರಾಚೀನ ಧರ್ಮಶಾಸ್ತ್ರಕಾರರು ತೋರಿದ ಸೂಕ್ಷ್ಮತೆ ಗಮನಾರ್ಹವಾದುದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಗಾಡಿಯಿಂದ ಹಾನಿಯಾದಾಗ ದಂಡ ಸಲ್ಲದ ಹತ್ತು ಸಂದರ್ಭಗಳನ್ನು ಎಣಿಸಿದೆ. ಮೂಗುದಾರ ಹರಿದಾಗ, ನೊಗ ಮುರಿದಾಗ, ಅಚ್ಚು ಅಥವಾ ಚಕ್ರ ಮುರಿದಾಗ ಎಂಬಿವುಗಳ ಜೊತೆಯಲ್ಲಿಯೇ, ಹೊಡೆಯುವವನು ದಾರಿ ಬಿಡಿರೆಂದು ಗಟ್ಟಿಯಾಗಿ ಕೂಗಿದ್ದಾಗ ಎಂಬುದೂ ಸೇರಿದೆ. ಹೊಡೆಯುವವನಿಗೆ ನೈಪುಣ್ಯವಿಲ್ಲದೆ ಹಾನಿಯಾದರೆ ದಂಡ ಗಾಡಿಯ ಒಡೆಯನಿಗೆ. ವಾಹನವು ತನ್ನ ಬರವನ್ನು ಸಾರಬೇಕು, ಸಾರದಿದ್ದರೆ ಹೊಣೆ ಅದನ್ನು ನಡೆಸಿದವರದು ಎಂಬ ತತ್ತ್ವ ಇಲ್ಲಿ ಆಗಲೇ ನೆಲೆಗೊಂಡಿದೆ. ಕೂಗಿದ ಮಾತ್ರಕ್ಕೆ ಹೊಣೆ ಕಳೆಯಿತೆಂಬುದನ್ನು ನಾವು ಒಪ್ಪಲಾರೆವು. ಹಾರನ್ ಒತ್ತಿದೊಡನೆ ದಾರಿಯೆಲ್ಲ ತನ್ನದಾಯಿತೆಂದು ಬಗೆಯುವ ಚಾಲಕರು ಇಂದಿಗೂ ಇದ್ದಾರೆ.

ಕಬ್ಬಿಣದ ಕಮಾನು ಪಟ್ಟಿಗಳ ಮೇಲೆ ಕೂರಿಸಿದ ಜಟಕಾ ಪಟ್ಟಣಗಳಲ್ಲಿ ಬಳಕೆಗೆ ಬಂದುದು ಸುಖದ ಕಡೆಗೆ ಇಟ್ಟ ಇನ್ನೊಂದು ಹೆಜ್ಜೆ. ಅದರಲ್ಲಿಯೂ ತೂಕದ ಸಮತೋಲ ಹೊಡೆಯುವವನ ಅರಿವಿಗೆ ಬರುತ್ತಿತ್ತು. ಮುಂದೆ ಸರಿಯಿರಿ, ಹಿಂದೆ ಸರಿಯಿರಿ ಎಂದು ಅವನು ಸವಾರಿಯವರನ್ನು ಪೀಡಿಸುತ್ತಿದ್ದುದು ಅದಕ್ಕಾಗಿಯೇ. ನಿಜವಾದ ಮಾರ್ಪಾಟು ಬಂದುದು ಗಾಳಿ ತುಂಬಿದ ರಬ್ಬರಿನಿಂದ.

ಗಾಳಿಯ ಚಕ್ರಕ್ಕೆ ರಾಬರ್ಟ್ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಲಂಡನ್ನಿನ ಉದ್ಯಾನದಲ್ಲಿ ಅದನ್ನು ಸಾರೋಟಿಗೆ ತೊಡಿಸಿ ಓಡಿಸಿದಾಗ ಜನರು ಮೊದಲು ಬೆರಗಾದುದು ಅದರ ನಿಶ್ಶಬ್ದತೆಗೆ. 1888ರಲ್ಲಿ ಬೆಲ್‌ಫಾಸ್ಟಿನ ಜಾನ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಅದನ್ನೇ ಹೊಸದಾಗಿ ಕಂಡುಹಿಡಿದ ಮೇಲೆ ಅದು ಲೋಕವ್ಯಾಪಿಯಾಯಿತು. ನಿಶ್ಶಬ್ದವಾದ ವಾಹನ ಅಪಾಯಕರವೆಂಬುದು ಆ ಕಾಲಕ್ಕೆ ಅಪರಿಚಿತವಾದ ಸಂಗತಿಯೇನೂ ಆಗಿರಲಿಲ್ಲ. ಹಿಮದ ಮೇಲೆ ಜಾರುವ ಗಾಡಿಗೆ ಸದ್ದಿಲ್ಲ. ಆದುದರಿಂದ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಕಾನೂನು, ಕುದುರೆ ಎಳೆಯುವ ಅಂತಹ ಗಾಡಿಗೆ ಕಡೆಯ ಪಕ್ಷ ಮೂರು ಗಂಟೆಗಳನ್ನಾದರೂ ಕಟ್ಟಿರಬೇಕೆಂದು ವಿಧಿಸಿತ್ತು. ನಮ್ಮ ಎತ್ತಿನ ಕೊರಳ ಗಂಟೆಯೂ ಆ ಗಂಟೆಯೂ ಒಂದೇ ಕೆಲಸ ಮಾಡುವಂಥವು.

ಇಪ್ಪತ್ತನೆಯ ಶತಮಾನದಲ್ಲಿ ರಬ್ಬರು ಟೈರು ಎತ್ತಿನ ಗಾಡಿಗೂ ಬಂದಿತು. ಕಬ್ಬು ಬೆಳೆಯುವ ಬಯಲುಗಳಲ್ಲಿ ಟೈರು ಗಾಡಿಯೆಂದೇ ಅದರ ಹೆಸರು. ಎತ್ತುಗಳಿಗೆ ಎಳೆತ ಹಗುರವಾಯಿತು, ಹೇರು ಹೆಚ್ಚಿತು, ರಸ್ತೆ ಉಳಿಯಿತು, ಕುಳಿತವನ ಬೆನ್ನುಮೂಳೆಗೆ ನೆಮ್ಮದಿ ದೊರೆಯಿತು. ಆದರೆ ಇಳಿಜಾರಿನ ಲೆಕ್ಕವನ್ನು ನೋಡಿ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ಹಾದಿಯಲ್ಲಿ 1,000 ಕಿಲೋಗ್ರಾಂ ತೂಕದ ಗಾಡಿಯನ್ನು ಕೆಳಕ್ಕೆ ಸೆಳೆಯುವ ಬಲ ಸುಮಾರು 50 ಕಿಲೋಗ್ರಾಂ ತೂಕದಷ್ಟು. ಮರದ ಚಕ್ರ, ಒರಟು ಅಚ್ಚು, ಮಣ್ಣಿನ ಹಾದಿ ಇವೆಲ್ಲ ಸೇರಿ ನೂರಕ್ಕೆ ಐದರಷ್ಟು ತಡೆಯನ್ನು ಒಡ್ಡುತ್ತವೆಂದು ಇಟ್ಟುಕೊಂಡರೆ ಆ ಬಲಕ್ಕೆ ಅಲ್ಲಿಗಲ್ಲಿಗೆ ಸರಿಯಾಯಿತು; ಎತ್ತುಗಳ ಮೇಲೆ ಒತ್ತು ಬೀಳದು. ರಬ್ಬರು ಟೈರು ಮತ್ತು ಗುಂಡಿನ ಬೇರಿಂಗುಗಳಿಂದ ತಡೆಯು ನೂರಕ್ಕೆ ಎರಡಕ್ಕೆ ಇಳಿಯಿತೆನ್ನಿ. 30 ಕಿಲೋಗ್ರಾಂ ಬಲ ಎತ್ತುಗಳನ್ನು ಹಿಂದಿನಿಂದ ನೂಕುತ್ತದೆ. ಹಗುರವಾಯಿತೆಂದು ಹೇರನ್ನು ಇಮ್ಮಡಿಸಿದರೆ ಅದು 60 ಆಗುತ್ತದೆ. ಇದಕ್ಕಿಂತ ಮುಖ್ಯವಾದುದೆಂದರೆ, ಈ ಬದಲಾವಣೆಯನ್ನು ಗಾಡಿಯವನಿಗೆ ತಿಳಿಸುವ ಸದ್ದಾಗಲಿ ಅದುರಾಗಲಿ ಉಳಿದಿರುವುದಿಲ್ಲ. ಎತ್ತು ಮುಗ್ಗರಿಸಿದಾಗಲೇ ತಿಳಿಯಬೇಕು. ಬ್ರೇಕಿಲ್ಲದ ಟೈರು ಗಾಡಿಯನ್ನು ಸುಧಾರಣೆಯೆಂದು ಕರೆಯುವುದು ಸಮನೆಲದಲ್ಲಿ ಮಾತ್ರ ಸಲ್ಲುತ್ತದೆ.

ಇದನ್ನು ದೇಶದ ಮಟ್ಟದಲ್ಲಿ ಮೊದಲು ಗಂಭೀರವಾಗಿ ಚರ್ಚೆಗೆ ತಂದವರಲ್ಲಿ ಬೆಂಗಳೂರಿನ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಪ್ರಮುಖರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾಗಿದ್ದ ಅವರು 1970ರ ದಶಕದಲ್ಲಿ ಎತ್ತಿನ ಗಾಡಿಯನ್ನು ಅಧ್ಯಯನದ ವಸ್ತುವಾಗಿ ಎತ್ತಿಕೊಂಡಾಗ ಹುಬ್ಬೇರಿಸಿದವರೇ ಬಹಳ. ಎತ್ತಿನ ಕೊರಳ ಮೇಲೆ ಬೀಳುವ ಹೊರೆ, ನೊಗದಿಂದಾಗುವ ಗಾಯ, ಬ್ರೇಕಿನ ಅಭಾವ ಇವುಗಳ ಕಡೆಗೆ ಅವರು ಗಮನ ಸೆಳೆದರು. ಸುಖವು ಸವಾರನಿಗಷ್ಟೇ ಅಲ್ಲ, ಎಳೆಯುವ ಪ್ರಾಣಿಗೂ ಸಲ್ಲಬೇಕೆಂಬ ಅವರ ನಿಲುವು ವಾಹನವಿಜ್ಞಾನಕ್ಕೆ ನಮ್ಮ ನಾಡು ಸಲ್ಲಿಸಿದ ಒಂದು ವಿಶಿಷ್ಟವಾದ ಕಾಣಿಕೆಯೆಂದು ನಾವು ಭಾವಿಸುತ್ತೇವೆ.

ಇನ್ನು ಮೋಟಾರು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಸ್ವದೇಶೀ ಮೋಟಾರು ಕಾರ್ಖಾನೆಗಾಗಿ ಪಟ್ಟ ಪ್ರಯಾಸ ಕೈಗೂಡಲಿಲ್ಲ. 1940ರ ದಶಕದಲ್ಲಿ ಸ್ಥಾಪಿತವಾದ ಕಾರ್ಖಾನೆಗಳು ಮುಂಬಯಿ ಮತ್ತು ಕಲ್ಕತ್ತೆಯ ಕಡೆಗೆ ಹೋದುವು. ಅವು ತಯಾರಿಸಿದುದು ಪರದೇಶದಲ್ಲಿ ರಚಿತವಾದ ಕಾರುಗಳನ್ನು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡನ್ನು ಅನುಸರಿಸಿದ ಅಂಬಾಸಡರ್ 1958ರಿಂದ 2014ರವರೆಗೆ ತಯಾರಾಯಿತು. ಹಾದಿಯ ಸುದ್ದಿ ಎಷ್ಟಿರಬೇಕು, ಕುಳಿತವನ ಸುಖ ಎಷ್ಟಿರಬೇಕು ಎಂಬ ತೀರ್ಮಾನ ಹೀಗೆ ಬೇರೊಂದು ದೇಶದ ರಸ್ತೆಗಳನ್ನು ನೋಡಿ ಆದುದು. ಆದರೂ ಹಳೆಯ ಅಂಬಾಸಡರನ್ನು ಘಟ್ಟದಲ್ಲಿ ನಡೆಸಿದ ಚಾಲಕರು ಅದನ್ನು ಮೆಚ್ಚಿ ಮಾತನಾಡುತ್ತಾರೆ. ಚುಕ್ಕಾಣಿ ಭಾರವಾಗಿದ್ದಿತು, ನಿಜ. ಮುಂದಿನ ಚಕ್ರ ಮರಳಿನ ಮೇಲೆ ಹತ್ತಿದರೆ ಅದು ಹಗುರವಾಗುತ್ತಿದ್ದುದು ಅಂಗೈಗೆ ಒಡನೆಯೇ ತಿಳಿಯುತ್ತಿತ್ತು.

ಈ ಮೆಚ್ಚುಗೆಯನ್ನು ನಾವು ಎಚ್ಚರದಿಂದ ಸ್ವೀಕರಿಸಬೇಕು. ಸುದ್ದಿ ಹೇಳುವ ವಾಹನ ಕಾಪಾಡುವ ವಾಹನವೂ ಆಗಿರಬೇಕೆಂದಿಲ್ಲ. ಆ ತಲೆಮಾರಿನ ಅನೇಕ ಕಾರುಗಳಲ್ಲಿ ಚುಕ್ಕಾಣಿಯ ದಂಡವು ಬಗ್ಗದ ಉಕ್ಕಿನದಾಗಿದ್ದು, ಎದುರಿನಿಂದ ಡಿಕ್ಕಿಯಾದಾಗ ಚಾಲಕನ ಎದೆಗೆ ಈಟಿಯಂತೆ ನಾಟುತ್ತಿತ್ತು. ಡಿಕ್ಕಿಯ ಬಲವನ್ನು ತಾನೇ ಮುದುಡಿ ನುಂಗುವ ಒಡಲನ್ನು ಮರ್ಸಿಡಿಸ್ ಕಾರ್ಖಾನೆಯ ಬೇಲಾ ಬಾರೆನ್ಯಿ 1950ರ ದಶಕದಲ್ಲಿ ರೂಪಿಸಿದನು. ಮೂರು ಕಡೆ ಹಿಡಿಯುವ ಸೀಟುಪಟ್ಟಿಯನ್ನು 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ತಂದನು. 1965ರಲ್ಲಿ ರಾಲ್ಫ್ ನೇಡರ್ ಬರೆದ ಗ್ರಂಥವು ಅಮೆರಿಕದ ತಯಾರಕರನ್ನು ಜನತೆಯ ನ್ಯಾಯಾಲಯದ ಮುಂದೆ ನಿಲ್ಲಿಸಿತು. ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ, ಕ್ಷೇಮಸಾಧನಗಳು ಹೆಚ್ಚಿದಂತೆ ಚಾಲಕರು ಹೆಚ್ಚು ಸಾಹಸಕ್ಕಿಳಿದು ಲಾಭವನ್ನೆಲ್ಲ ಕಳೆದುಬಿಡುವರೆಂದು ವಾದಿಸಿದನು. ಇದು ಅತಿಶಯೋಕ್ತಿಯೆಂದು ನಮ್ಮ ಅಭಿಪ್ರಾಯ. ಸೀಟುಪಟ್ಟಿಯು ಉಳಿಸಿದ ಪ್ರಾಣಗಳನ್ನು ವಾದದಿಂದ ಅಳಿಸಲಾಗದು. ಆದರೆ ಸೀಟುಪಟ್ಟಿ ಹಾದಿಯ ಸುದ್ದಿಯನ್ನು ಮರೆಮಾಡುವುದಿಲ್ಲ. ಮೆತ್ತನೆಯ ಆಸನ, ಸದ್ದಡಗಿಸಿದ ಕೋಣೆ, ಹಗುರವಾದ ಚುಕ್ಕಾಣಿ ಇವು ಮರೆಮಾಡುತ್ತವೆ. ಪೆಲ್ಟ್ಸ್‌ಮನ್ ಇವೆರಡನ್ನೂ ಬೇರ್ಪಡಿಸಿ ನೋಡಿದ್ದರೆ ಅವನ ವಾದಕ್ಕೆ ಹೆಚ್ಚಿನ ಬೆಲೆ ಬರುತ್ತಿತ್ತು.

ಚುಕ್ಕಾಣಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1951ರಲ್ಲಿ ಕ್ರೈಸ್ಲರ್ ಕಂಪೆನಿಯು ದ್ರವದ ಒತ್ತಡದ ನೆರವಿನ ಚುಕ್ಕಾಣಿಯನ್ನು ಮಾರಾಟಕ್ಕೆ ತಂದಿತು. ಒಂದು ಬೆರಳಿನಿಂದ ತಿರುಗಿಸಬಹುದಾದ ಆ ಚುಕ್ಕಾಣಿಯನ್ನು ಕೊಂಡವರು ಮೆಚ್ಚಿದರು. ರಸ್ತೆಯೇ ತಿಳಿಯದೆಂದು ನಿಪುಣರು ದೂರಿದರು. ಅಲ್ಲಿಂದ ಮುಂದೆ ನೆರವನ್ನು ವೇಗ ಹೆಚ್ಚಿದಂತೆ ಕಡಿಮೆ ಮಾಡುವ ಉಪಾಯಗಳು ಬಂದುವು. ಇಂದಿನ ಕಾರುಗಳಲ್ಲಿ ನೆರವು ನೀಡುವುದು ವಿದ್ಯುತ್ ಮೋಟಾರು. ಚಾಲಕನ ಕೈಗೆ ಎಷ್ಟು ಅದುರು ತಲಪಬೇಕೆಂಬುದನ್ನು ರಸ್ತೆ ನಿರ್ಧರಿಸುವುದಿಲ್ಲ, ತಯಾರಕರ ಲೆಕ್ಕಾಚಾರ ನಿರ್ಧರಿಸುತ್ತದೆ. ಹಾಗೆ ಅಳಿಸಿದ ಅದುರನ್ನು ಮರಳಿ ತುಂಬಿದ ಪ್ರಸಂಗವೂ ಉಂಟು. ಫ್ರಾನ್ಸಿನ ಸಿಟ್ರೊಯೆನ್ ಕಂಪೆನಿಯು 2004ರ ಸುಮಾರಿಗೆ ತನ್ನ ಕಾರುಗಳಲ್ಲಿ ಒಂದು ಏರ್ಪಾಟು ಮಾಡಿತು: ಕಾರು ರಸ್ತೆಯ ಮೇಲಿನ ಗೆರೆಯನ್ನು ದಾಟಿ ಬಲಕ್ಕೆ ಸರಿದರೆ ಆಸನದ ಬಲಭಾಗ ಅದುರುತ್ತದೆ, ಎಡಕ್ಕೆ ಸರಿದರೆ ಎಡಭಾಗ. ಅರ್ಧ ಶತಮಾನ ಕಾಲ ಆಸನದಿಂದ ಅದುರನ್ನು ಹೊರದೂಡಲು ಶ್ರಮಿಸಿ, ಕಡೆಗೆ ಅದನ್ನೇ ಯಂತ್ರದಿಂದ ಉತ್ಪಾದಿಸಿದುದು! ಮೂಕಿಯ ಬುಡದಲ್ಲಿ ಕುಳಿತ ಗಾಡಿಯವನಿಗೆ ಇದು ತಿಳಿದಿದ್ದರೆ ನಕ್ಕಾನು.

ಮರಳಿ ತಂದ ಸುದ್ದಿಯ ಭಾಷೆ ಚಾಲಕನಿಗೆ ಅರ್ಥವಾಗಬೇಕೆಂಬುದು ಇನ್ನೊಂದು ತೊಡಕು. ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಬ್ರೇಕಿನ ಏರ್ಪಾಟನ್ನು ಬಾಷ್ ಕಂಪೆನಿ 1978ರಲ್ಲಿ ಹೊರತಂದಿತು. ಅದು ಕೆಲಸ ಮಾಡುವಾಗ ಪೆಡಲು ಕಾಲಿನಡಿಯಲ್ಲಿ ತಡತಡನೆ ಮಿಡಿಯುತ್ತದೆ. ಯಂತ್ರ ಕಾಪಾಡುತ್ತಿದೆಯೆಂಬ ಸೂಚನೆ ಅದು. ಏನೋ ಮುರಿಯಿತೆಂದು ಬೆದರಿ ಕಾಲೆತ್ತಿದ ಚಾಲಕರೂ ಇದ್ದರು. ಎತ್ತಿನ ಗಾಡಿಯ ಸದ್ದುಗಳಿಗೆ ತಲೆತಲಾಂತರದ ವ್ಯಾಖ್ಯಾನವಿದ್ದಿತು. ಈ ಮಿಡಿತಕ್ಕೆ ಇರಲಿಲ್ಲ.

ಬಿಳಿಗಿರಿರಂಗನ ದೇವಾಲಯವಿರುವುದು ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಎತ್ತರದಲ್ಲಿ. ಯಳಂದೂರಿನ ಬಯಲಿನಿಂದ ಏರುವ ಹಾದಿಯಲ್ಲಿ ವಾಹನದ ಶಕ್ತಿಯ ಪರೀಕ್ಷೆ, ಇಳಿಯುವಾಗ ಚಾಲಕನದು. ಏರಿದ ಗೇರಿನಲ್ಲಿಯೇ ಇಳಿಯಬೇಕೆಂಬುದು ಘಟ್ಟದ ಬಸ್ ಚಾಲಕರ ಹಳೆಯ ನಿಯಮ. ಇಂಜಿನ್ನಿನ ತಡೆಯಿಂದ ಬಸ್ಸು ಗೊರಗುಟ್ಟುತ್ತ ಇಳಿಯುತ್ತದೆ. ಸವಾರರಿಗೆ ಅದು ಕರ್ಕಶ. ಬ್ರೇಕನ್ನೇ ನಂಬಿ ಮೆತ್ತಗೆ ಇಳಿದರೆ ಅದರ ಒಳಮೈ ಕಾದು ಹಿಡಿತ ಸಡಿಲುತ್ತದೆ. ಸುಟ್ಟ ವಾಸನೆಯೇ ಕಡೆಯ ಎಚ್ಚರಿಕೆ. ಗಾಜು ಏರಿಸಿ, ತಂಪು ಗಾಳಿಯ ಯಂತ್ರ ಹಾಕಿಕೊಂಡು ಇಳಿಯುವ ಕಾರಿನೊಳಕ್ಕೆ ಆ ವಾಸನೆ ತಡವಾಗಿ ಬರುತ್ತದೆ. ವಿದ್ಯುತ್ ಕಾರುಗಳಲ್ಲಿ ಮೋಟಾರೇ ಇಳಿಜಾರಿನ ಬಲವನ್ನು ಬ್ಯಾಟರಿಗೆ ತುಂಬುತ್ತ ತಡೆ ಒಡ್ಡುವುದು ಉತ್ತಮವಾದ ಏರ್ಪಾಟು. ಆದರೆ ಬೆಟ್ಟದ ಮೇಲೆಯೇ ಬ್ಯಾಟರಿ ಪೂರ್ತಿ ತುಂಬಿಕೊಂಡು ಹೊರಟರೆ ಹೊಸ ಶಕ್ತಿಗೆ ಎಡೆಯಿಲ್ಲದೆ ಆ ತಡೆ ಕುಂದುತ್ತದೆ, ಚಾಲಕನು ನಿರೀಕ್ಷಿಸಿದ ಹಿಡಿತ ಮೊದಲ ತಿರುವಿನಲ್ಲಿಯೇ ಸಿಗದೆ ಹೋಗಬಹುದು. ತಯಾರಕರು ಇದಕ್ಕೆ ಪರಿಹಾರಗಳನ್ನು ಹೂಡಿದ್ದಾರೆ. ಫಲಕದ ಮೇಲೆ ಮೂಡುವ ಒಂದು ಸಣ್ಣ ಗುರುತನ್ನು ಓದಬಲ್ಲವನಿಗೆ ಮಾತ್ರ ಅದು ಮುಂಚಿತವಾಗಿ ತಿಳಿಯುತ್ತದೆ.

ವಿದ್ಯುತ್ ಕಾರಿನ ಪ್ರಸ್ತಾಪದಲ್ಲಿ ಬೆಂಗಳೂರಿನ ರೇವಾವನ್ನು ನೆನೆಯದಿರಲಾಗದು. 2001ರಲ್ಲಿ ಮಾರಾಟಕ್ಕೆ ಬಂದ ಈ ಪುಟ್ಟ ಕಾರು ಲಂಡನ್ನಿನ ಬೀದಿಗಳಲ್ಲಿಯೂ ಓಡಿತು. ಅದರ ಗುಣವೂ ದೋಷವೂ ಒಂದೇ: ಬರುವುದು ಕೇಳಿಸುತ್ತಿರಲಿಲ್ಲ. ನಿಶ್ಶಬ್ದತೆಯ ಸುಖ ಒಳಗಿದ್ದವನಿಗೆ, ಅದರ ಅಪಾಯ ಹೊರಗೆ ನಡೆಯುವವನಿಗೆ, ವಿಶೇಷತಃ ಕಣ್ಣು ಕಾಣದವನಿಗೆ. 2016ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ 138ನೆಯ ನಿಯಮವು, ಇಂತಹ ಕಾರುಗಳು ಗಂಟೆಗೆ 20 ಕಿಲೋಮೀಟರು ವೇಗದವರೆಗೆ ತಾವಾಗಿ ಸದ್ದು ಹೊರಡಿಸಬೇಕೆಂದು ಗೊತ್ತುಪಡಿಸಿತು. ಯೂರೋಪಿನಲ್ಲಿ ಹೊಸ ಮಾದರಿಗಳಿಗೆ 2019ರ ಜುಲೈಯಿಂದ ಅದು ಕಡ್ಡಾಯವಾಯಿತು. ರೇವಾ ಬೀದಿಗಿಳಿದ 18 ವರ್ಷಗಳ ಮೇಲೆ! ಒಳಗಿರುವವನಿಗಾಗಿ ಮಾಡುವ ಏರ್ಪಾಟು ಬೇಗ ಬರುತ್ತದೆ, ಅವನು ಹಣ ಕೊಡುವವನು. ಹೊರಗಿರುವವನಿಗಾಗಿ ಮಾಡುವುದು ಕಾನೂನಿನ ಒತ್ತಾಯದಿಂದಲೇ ಬರಬೇಕು. ಗಾಡಿಯ ಎತ್ತಿಗೆ ಗಂಟೆ ಕಟ್ಟಿಸಲು ಯಾವ ನಿಯಮವೂ ಬೇಕಾಗಿರಲಿಲ್ಲವೆಂಬುದು ಇಲ್ಲಿ ಸ್ಮರಣೀಯ. ಎದುರಿನಿಂದ ಬರುತ್ತಿದ್ದವನು ಅದೇ ಊರಿನವನು.

2019ರ ಜುಲೈ 1ರಿಂದಲೇ ನಮ್ಮ ದೇಶದಲ್ಲಿಯೂ ಹೊಸ ಕಾರುಗಳಿಗೆ ಕೆಲವು ಸೂಚನಾಸಾಧನಗಳು ಕಡ್ಡಾಯವಾದುವು: ಸೀಟುಪಟ್ಟಿ ಹಾಕದಿದ್ದರೆ ನೆನಪಿಸುವ ಸದ್ದು, ಹಿಂದಕ್ಕೆ ಚಲಿಸುವಾಗ ಅಡ್ಡಿಯನ್ನು ಅರಿಯುವ ಯಂತ್ರ, ಮತ್ತು ವೇಗದ ಎಚ್ಚರಿಕೆ. ಈ ವೇಗದ ಎಚ್ಚರಿಕೆಯು ಗಂಟೆಗೆ 80 ಕಿಲೋಮೀಟರು ದಾಟಿದಾಗ ಬಿಟ್ಟು ಬಿಟ್ಟು, 120 ದಾಟಿದಾಗ ಎಡೆಬಿಡದೆ ಮೊಳಗುತ್ತದೆ. ಹೆದ್ದಾರಿಗೆ ಇದು ಯುಕ್ತವಾದ ಅಳತೆ. ಬಿಳಿಗಿರಿರಂಗನ ಬೆಟ್ಟದ ಕಾಡು 1974ರಲ್ಲಿ ವನ್ಯಧಾಮವಾಗಿ, 2011ರಲ್ಲಿ ಹುಲಿ ರಕ್ಷಿತಾರಣ್ಯವಾಗಿ ಘೋಷಿತವಾದುದು. ಆ ತಿರುವುಗಳಲ್ಲಿ 50 ಕಿಲೋಮೀಟರೇ ಅತಿವೇಗ. ಅಡ್ಡ ಬರುವ ಜಿಂಕೆಗಾಗಲಿ ಆನೆಗಾಗಲಿ ಸೋಲಿಗರ ಪೋಡಿನ ಪಾದಚಾರಿಗಾಗಲಿ 80ರ ಗಂಟೆಯಿಂದ ಪ್ರಯೋಜನವಿಲ್ಲ. ಒಳ್ಳೆಯ ಆಸನದ, ಸದ್ದಡಗಿದ ಕಾರಿನಲ್ಲಿ 50 ಎಂಬುದು 30ರಂತೆ ತೋರುತ್ತದೆ. ಆದುದರಿಂದಲೇ ಇದೇ ಜಿಲ್ಲೆಯ ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ, ರಾತ್ರಿಯ ಸಂಚಾರವನ್ನು ನಿಷೇಧಿಸಿದುದರ ಜೊತೆಗೆ, ರಸ್ತೆಯ ಮೇಲೆಯೇ ಸಾಲು ಸಾಲಾಗಿ ಉಬ್ಬುಗಳನ್ನು ಹಾಕಬೇಕಾಯಿತು. ವಾಹನದಿಂದ ತೆಗೆದ ಕುಲುಕಾಟವನ್ನು ನೆಲಕ್ಕೆ ಸೇರಿಸಿದಂತಾಯಿತು. ಕಮಾನು ಪಟ್ಟಿ ಬಿಗಿಯಾದ ಲಾರಿಯೂ ಹಳೆಯ ಜೀಪೂ ಆ ಉಬ್ಬಿನ ಮುಂದೆ ತಾವಾಗಿಯೇ ತಗ್ಗುತ್ತವೆ. ನುಣುಪಾದ ಸ್ಪ್ರಿಂಗುಗಳ ಮೇಲೆ ತೇಲುವ ಹೊಸ ಕಾರುಗಳು ತಗ್ಗುವುದು ಅವುಗಳಿಗಿಂತ ಕಡಿಮೆ.